ಚಾಲು ಅಂದರೆ

ನನ್ನ ತಮ್ಮ ಸಂಜೀವ ರಾಯಚೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಮಂದಿಯ ಎಲುಬಿನಲ್ಲಿ ಬಿರುಕು ಹುಡುಕಲು ಅವನಿಗೆ ಸಂಬಳ ಕೊಡುತ್ತಿದ್ದರು. ಹುಡುಗಿಯ ಮಾತಿನಲ್ಲಿ ಬಿರುಕು ಹುಡುಕುವ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವನೆದುರಿಗೇ ಎಷ್ಟೋ ಸಲ ಹೇಳಿದ್ದೆ. ಹೇಳಿದಾಗಲೆಲ್ಲ ನಗುತ್ತಿದ್ದ, ನಕ್ಕು ಮತ್ತೆ ಫೋನನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದ.

"ಅಕ್ಕಾ, 'ಹೂಂ' ಅಂದಾಳ ನೋಡು. ನಿನ್ನೆ 'ಹೂಂ, ಆತು' ಅಂದಿದ್ಲು. ಇವತ್ತು ಬರೇ 'ಹೂಂ' ಯಾಕ?"

"ಕೆಲಸದಾಗ ಇರಬೇಕಲೇ."

"ಹಂಗಂತೀ? ಇಲ್ಲಾ, ಸಿಟ್ಟಿಗೆ ಬಂದಿರಬಹುದೇನು?"

ನಾನು ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಎರಡನೇ ತರಗತಿಯ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತಿರುವಾಗ ನನ್ನ ಚೀಲದೊಳಗೆ ಫೋನು ಗುಂಯ್ ಅನ್ನುತ್ತಿತ್ತು. ನೋಡಿದರೆ ಅವಳ ಮೆಸೇಜಿನ ಫೋಟೋ, ಕೆಳಗೆ ಇವನ ಪ್ರಶ್ನೆ. ಒಂದಿಡೀ ವರ್ಷ ಇದೇ ಆಯಿತು. ನನಗೆ ನಗು ಬರುತ್ತಿತ್ತು, ಸಿಟ್ಟು ಬರುತ್ತಿತ್ತು, ಕೆಲವೊಮ್ಮೆ ಅವನ ಮುಖ ನೋಡಿದರೆ ಮರುಕ ಹುಟ್ಟುತ್ತಿತ್ತು. ಇಪ್ಪತ್ತೊಂಬತ್ತು ತುಂಬಿದ ಗಂಡಸು ಒಂದು 'ಹೂಂ'ಗೆ ಹೆದರಿ ಊಟ ಬಿಡುತ್ತಿದ್ದ.

ಹುಡುಗಿಯ ಹೆಸರು ಝಾನ್ಸಿ. ಮಾನ್ವಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಕಾಲು ಮುರಿದ ಮುದುಕನೊಬ್ಬನನ್ನು ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕರೆತಂದಾಗ ಇವನಿಗೆ ಪರಿಚಯವಾದಳು. ಅವಳ ಊರು ಮಾನ್ವಿಯ ಪಕ್ಕದ ಒಂದು ಕ್ಯಾಂಪು. ಕಾಲುವೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು, ಭತ್ತ ಬೆಳೆದು ನೆಲೆ ನಿಂತವರ ಊರುಗಳಿಗೆ ನಮ್ಮಲ್ಲಿ ಕ್ಯಾಂಪು ಅನ್ನುತ್ತಾರೆ. ಮನೆಯೊಳಗೆ ತೆಲುಗು ಮಾತಾಡುತ್ತಾರೆ, ಹೊಸ್ತಿಲು ದಾಟಿದರೆ ನಮ್ಮಂತೆಯೇ ಕನ್ನಡ. ಝಾನ್ಸಿ ಇವನ ಹತ್ತಿರ ಯಾವಾಗಲೂ ಕನ್ನಡವನ್ನೇ ಆಡುತ್ತಿದ್ದಳು. ಒಮ್ಮೆ ಮಾತ್ರ, ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಇವನು "ಸಿಟ್ಟು ಬಂದದೇನು, ನಿಜ ಹೇಳು" ಅಂತ ಬಿಡದೆ ಕೇಳಿದಾಗ, ಅಂಗೈ ಎತ್ತಿ ಅಡ್ಡ ಹಿಡಿದು, "ಚಾಲು ಸಂಜೀವ, ಇಂಕ ಚಾಲು" ಅಂದಳಂತೆ. ತೆಲುಗಿನಲ್ಲಿ ಚಾಲು ಅಂದರೆ ಸಾಕು, ಇಂಕ ಚಾಲು ಅಂದರೆ ಇನ್ನು ಸಾಕು. ಆ ಮಾತನ್ನು ಇವನು ವಾರಗಟ್ಟಲೆ ನನ್ನ ಮುಂದೆ ಅಗಿದ. ಸಾಕು ಅಂದರೆ ಪ್ರಶ್ನೆ ಸಾಕೋ, ಈ ಸಂಬಂಧವೇ ಸಾಕೋ ಅಂತ.

ಆಮೇಲೆ ನಿಜವಾದ ಸಂಗತಿ ಬಂತು. ಒಂದು ಗುರುವಾರ ಅವಳು ರಾಯಚೂರಿಗೇ ಬಂದು ಇವನನ್ನು ಕೂರಿಸಿಕೊಂಡು ಹೇಳಿದಳು. ಅದನ್ನು ಇವನು ನನಗೆ ಎಷ್ಟು ಸಲ ಒಪ್ಪಿಸಿದ್ದಾನೆಂದರೆ ನನಗೇ ಬಾಯಿಪಾಠವಾಗಿದೆ.

"ಐತಾರ ಗಂಡಿನ ಕಡ್ಯಾವ್ರು ಬರ್ತಾರ. ಅವ್ರು ಕುಂತ ಮ್ಯಾಲೆ ಎಲ್ಲಾರ ಮುಂದ ನಮ್ಮಪ್ಪಗ ನಿನ್ನ ವಿಷಯ ಹೇಳ್ತೀನಿ. ಮೊದಲ ಹೇಳಿದ್ರ ನನ್ನ ಕೂಡಿ ಹಾಕ್ತಾರ. ನೀ ಮಾನ್ವಿ ಬಸ್‌ಸ್ಟ್ಯಾಂಡಿನಾಗ ಇರು. ನಾ ಮಾತು ಎತ್ತಿದ ಕೂಡ್ಲೇ ಮೆಸೇಜ್ ಹಾಕ್ತೀನಿ. ನೀ ಬಂದು ನನ್ನ ಮಗ್ಗಲಿಗೆ ಕುಂದ್ರು. ಅಷ್ಟ ಸಾಕು."

ಇದರಲ್ಲಿ ಬಿಡಿಸುವಂಥ ಗಂಟು ಏನೂ ಇರಲಿಲ್ಲ. ಆದರೂ ಇವನು ಗಂಟು ಹಾಕಿಕೊಂಡ. ಹೋದರೆ ಅವಳಿಗೆ ತೊಂದರೆಯೋ, ಹೋಗದಿದ್ದರೆ ತೊಂದರೆಯೋ. ಅವಳು ನಿಜವಾಗಿಯೂ ಬಾ ಅಂದಳೋ, ತನ್ನನ್ನು ಪರೀಕ್ಷೆ ಮಾಡಿದಳೋ. ಹೆದರಿಕೆಗೆ ಕಾರಣ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅವಳ ಚಿಕ್ಕಪ್ಪ, ಅವರ ಮಾತಿನಲ್ಲಿ ಬಾಬಾಯಿ, ಭತ್ತ ಕೊಯ್ಯುವ ಮಷಿನುಗಳ ಮಾಲೀಕ. ಹಿಂದೆ ಒಮ್ಮೆ ಕ್ಯಾಂಪಿನ ಹುಡುಗಿಯೊಬ್ಬಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ ಹುಡುಗನನ್ನು ಕಾಲುವೆಯ ಏರಿಯ ಮೇಲೆ ನಿಲ್ಲಿಸಿ 'ಮಾತಾಡಿಸಿದ'ನಂತೆ. ಆ ಹುಡುಗ ಈಗ ಎಡಗೈಯಲ್ಲಿ ಉಣ್ಣುತ್ತಾನೆ. ನಾವಾದರೋ ಗುಂಜಹಳ್ಳಿಯ ಕೇರಿಯಲ್ಲಿ ಹುಟ್ಟಿದವರು. ನಮ್ಮವ್ವ ಯಮನಮ್ಮ ಮಂದಿಯ ಹೊಲದಲ್ಲಿ ಕಳೆ ಕಿತ್ತು ನಮ್ಮಿಬ್ಬರನ್ನು ಓದಿಸಿದಳು. ಬುದ್ಧನ ಫೋಟೋ ಇರುವ ನಮ್ಮ ಮನೆಯ ಹುಡುಗ ಆ ಅಂಗಳದಲ್ಲಿ ಹೋಗಿ ಅವರ ಮಗಳ ಮಗ್ಗಲಿಗೆ ಕೂರುವುದೆಂದರೆ ಏನೆಂದು ನನಗೂ ಗೊತ್ತಿತ್ತು. ಝಾನ್ಸಿಗೂ ಗೊತ್ತಿತ್ತು. ಗೊತ್ತಿದ್ದೇ ಕರೆದಿದ್ದಳು.

ರಾಯಚೂರಿನಿಂದ ಮಾನ್ವಿಗೆ ನೆಟ್ಟಗೆ ರಸ್ತೆಯಿದೆ. ಇವನು ಶನಿವಾರ ಸಂಜೆ ಬೈಕು ಹತ್ತಿ ದೇವದುರ್ಗಕ್ಕೆ, ನನ್ನ ಮನೆಗೆ ಬಂದ. ಇಲ್ಲಿಂದಲೂ ಮಾನ್ವಿಗೆ ಹೋಗಬಹುದಲ್ಲ ಅಂದ. ಹೋಗಬಹುದು, ಸುತ್ತಿ ಹೋಗಬಹುದು. ನನ್ನ ಗಂಡ ತರಬೇತಿಗೆಂದು ಕಲಬುರಗಿಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ರೊಟ್ಟಿ ಮಾಡಿದೆ, ಮುಟ್ಟಲಿಲ್ಲ. ಶನಿವಾರ ಪೂರ್ತಿ ಅವಳಿಗೆ ಮೆಸೇಜಿನ ಮೇಲೆ ಮೆಸೇಜು ಹಾಕಿದ್ದ. ನೀನು ಇನ್ನೊಂದು ಸಲ ವಿಚಾರ ಮಾಡಿದಿಯಾ, ಮುಂದಿನ ತಿಂಗಳಾದರೆ ಹೇಗೆ, ನಿನಗೆ ನನ್ನ ಮೇಲೆ ಬೇಸರವಿಲ್ಲ ತಾನೇ. ಅವಳು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಎತ್ತಿ "ಹಲೋ" ಅಂದ. ಆ ಕಡೆ ಮಾತಿಲ್ಲ, ಯಾರೋ ಉಸಿರಾಡುವುದು ಮಾತ್ರ ನನ್ನ ತನಕ ಕೇಳಿಸಿತು. ಸ್ವಲ್ಪ ಹೊತ್ತಿಗೆ ಇಟ್ಟುಬಿಟ್ಟರು. ಮತ್ತೆ ಅದೇ ನಂಬರು, ಮತ್ತೆ ಅದೇ ಮೌನ. ಸಂಜೀವ ಕೂತು ಲೆಕ್ಕ ಹಾಕಿದ. ಝಾನ್ಸಿಯೇ ಗೆಳತಿಯ ಫೋನಿನಿಂದ ಮಾಡಿ ತನ್ನ ದನಿ ಕೇಳಿ ಅಳುತ್ತಿರಬಹುದು. ಅಥವಾ ಸೆಂಟರಿನ ಯಾರೋ ಪೇಷಂಟು. ಅಥವಾ ಅವಳಿಗೆ ಇನ್ನೊಬ್ಬ ಯಾರೋ ಇರಬಹುದು, ಅವನು ಮಾಡುತ್ತಿರಬಹುದು. ಇಷ್ಟೆಲ್ಲ ಹೊಳೆಯಿತು. ಅವಳ ಫೋನಿನಲ್ಲಿ ಇವನ ನಂಬರು ಮನೆಯವರಿಗೆ ಸಿಕ್ಕಿರಬಹುದೆಂಬ ಸರಳ ಸಂಗತಿ ಮಾತ್ರ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಹೇಳಿದರೆ ಇವನು ಬೆಳಿಗ್ಗೆ ಏಳುವುದೇ ಇಲ್ಲವೆಂದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಕೊಂಡ. ಬಣ್ಣ ಸರಿಯಿಲ್ಲವೆಂದು ಬಿಚ್ಚಿ, ಇನ್ನೊಂದನ್ನು ಮಾಡಿಕೊಂಡ. ಬೈಕಿನ ಗಾಲಿ ಒತ್ತಿ ನೋಡಿದ. ಬೇಗ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಯಾರಾದರೂ ಗುರುತು ಹಿಡಿದಾರು ಅಂದ. "ಹೊಂಡಲೇ ಇನ್ನ" ಅಂತ ನಾನು ಬೈದೆ. ಕಡೆಗೂ ಬೂಟಿನ ದಾರ ಕಟ್ಟುತ್ತಾ ಹೊಸ್ತಿಲ ಮೇಲೆ ಕೂತಿದ್ದಾಗ ಮೆಸೇಜು ಬಂತು. ಒಂದೇ ಮಾತು.

ಚಾಲು.

ಅವನು ಅದನ್ನು ನೋಡಿದ. ನಾನು ಅವನ ಮುಖ ನೋಡಿದೆ. ಆ ಮುಖದ ಮೇಲೆ ಮೊದಲು ಬಂದದ್ದು ದುಃಖವಲ್ಲ, ನಿರಾಳ. ದುಃಖ ಆಮೇಲೆ ಬಂತು.

"ಸಾಕು ಅಂದ್ಲಕ್ಕಾ," ಅಂದ. "ನಿನ್ನೆ ಅಷ್ಟು ಮೆಸೇಜ್ ಹಾಕಿದ್ನಲ್ಲ, ಅದಕ್ಕ. ಮುಗೀತು."

"ಫೋನ್ ಮಾಡಿ ಕೇಳು."

"ಇನ್ನೇನು ಕೇಳ್ಲಿ? ಆಕಿ ಸಾಕು ಅಂದ ಮ್ಯಾಲೂ ಕೇಳಿದ್ರ ನಾ ಮನುಷ್ಯಾನೇನು?"

ಬಹಳ ಹೊತ್ತು ಹೊಸ್ತಿಲ ಮೇಲೇ ಕೂತಿದ್ದು, ಆಮೇಲೆ ಫೋನಿನಲ್ಲಿ ಏನೋ ಒತ್ತಿ, ಅದನ್ನು ಬೋರಲು ಹಾಕಿದ. ಬೂಟಿನ ದಾರ ಬಿಚ್ಚಿದ. ಒಳಗೆ ಬಂದು, ಗುರುವಾರದಿಂದ ಸರಿಯಾಗಿ ಉಣ್ಣದವನು, ಬದನೆಕಾಯಿ ಪಲ್ಲೆ ಹಚ್ಚಿಕೊಂಡು ಎರಡು ರೊಟ್ಟಿ ತಿಂದ. ತಿಂದು ಮಲಗಿದ, ನಿದ್ದೆಯೂ ಹತ್ತಿತು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂದಿತ್ತು. ಅದರ ಜೊತೆಗೇ, ನನ್ನ ತಮ್ಮ ಆ ಅಂಗಳಕ್ಕೆ ಹೋಗುವುದು ತಪ್ಪಿತಲ್ಲ ಅಂತ ಎದೆ ಹಗುರಾಗಿತ್ತು. ಆದರೂ ಏನೋ ಸರಿಯಿಲ್ಲ ಅನಿಸುತ್ತಿತ್ತು. ಬಟ್ಟೆ ಮಡಿಚಿದೆ, ಮಕ್ಕಳ ಕಾಪಿ ತಿದ್ದಿದೆ, ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ಅನ್ವರಿ ಬೇಗಂ ಕೂಗಿದರು. ಅವರು ನಮ್ಮ ಪಕ್ಕದ ಮನೆಯವರು, ನಳದ ನೀರು ಬಂದಾಗ ಓಣಿಗೆಲ್ಲ ಅವರೇ ಡಂಗುರ.

"ಟೀಚರಮ್ಮಾ, ಕೊಡ ಹಚ್ರಿ! ಚಾಲೂ ಆತು!"

ನಾನು ಕೊಡ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟೆ. ಅಲ್ಲಿಯೇ ನಿಂತೆ. ಕೊಡ ಕೈಯಿಂದ ಜಾರಿ ಬಿದ್ದು ಅಂಗಳದ ತುಂಬ ಉರುಳಿತು. ಚಾಲು. ನಳ ಚಾಲು, ಮೋಟಾರು ಚಾಲು, ಕರೆಂಟು ಚಾಲು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಆಡುವ ಮಾತು. ಮಾತು ಎತ್ತಿದ ಕೂಡಲೇ ಮೆಸೇಜ್ ಹಾಕುತ್ತೇನೆ ಅಂದಿದ್ದಳು ಹುಡುಗಿ. ಸೆರಗಿನ ಮರೆಯಲ್ಲಿ ಒಂದು ಕೈಯಲ್ಲಿ ಒತ್ತಿದ್ದಾಳೆ, ಎರಡನೇ ಪದಕ್ಕೆ ಪುರಸೊತ್ತು ಸಿಕ್ಕಿಲ್ಲ. ಇವನ ಹತ್ತಿರ ಯಾವಾಗಲೂ ಕನ್ನಡವನ್ನೇ ಆಡುವವಳು ಆವತ್ತೂ ಕನ್ನಡದಲ್ಲೇ ಹೇಳಿದ್ದಳು, ಸುರುವಾಯಿತು ಅಂತ.

ಒಳಗೆ ಓಡಿ ಅವನನ್ನು ಅಲುಗಾಡಿಸಿದೆ. "ಏಳಲೇ! ಸಾಕು ಅಂದಿಲ್ಲ ಆಕಿ. ಚಾಲೂ ಆತು ಅಂದಾಳ. ಮಾತು ಚಾಲೂ ಆತು, ಬಾ ಅಂದಾಳ!"

ಎದ್ದು ಕೂತ. ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಅವನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ.

"ನೀ ತಿರುಗಿ ಏನು ಬರದಿ?" ಅಂತ ಕೇಳಿದೆ.

ಅವನು ಫೋನನ್ನು ದಿಂಬಿನ ಕೆಳಗೆ ಸರಿಸಿದ. ಫೋನು ಕಸಿದು ನೋಡಿದೆ. 'ಸರಿ. ನಿನ್ನ ಇಷ್ಟ. ಸುಖವಾಗಿರು.' ಕೆಳಗೆ ಎರಡು ನೀಲಿ ಗೆರೆ, ಓದಿಯಾಗಿತ್ತು. ಒಂದು ಗುಡ್ ಮಾರ್ನಿಂಗನ್ನು ನಾಲ್ಕು ಸಲ ಅಳಿಸಿ ಬರೆಯುವವನು ಇದೊಂದನ್ನು ಒಂದೇ ಏಟಿಗೆ ಕಳಿಸಿದ್ದ. ಅವಳ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್.

"ಆದ್ರ ಅಕ್ಕಾ, ತೆಲುಗಿನಾಗ ಅಂದಿದ್ರ? ಈಗ ಹೋಗಿ ನಾ ಅಲ್ಲಿ ನಿಂತು..."

"ನೀ ಹೊಂಡತೀಯೋ, ನಾ ಬಸ್ ಹತ್ತಲೋ?"

ಕೂದಲು ಕೂಡ ಬಾಚಿಕೊಳ್ಳದೆ ಹೊರಟ. ನಾನು ಹಿಂದೆ ಕೂತೆ. ಅರಕೇರಾ ದಾಟುವ ತನಕ ಅವನ ಬಾಯಿ ನಿಲ್ಲಲಿಲ್ಲ. ಆಕಿ ಪೂರಾ ಬರೀಬೇಕಿತ್ತು, ಒಂದು ಮಿಸ್ ಕಾಲ್ ಆದರೂ ಕೊಡಬಹುದಿತ್ತು, ಗಂಡಿನ ಕಡೆಯವರು ಇಷ್ಟು ಹೊತ್ತಿಗೆ ಹೋಗಿರುತ್ತಾರೆ, ಬಹುಶಃ ಏನೂ ಆಗಿರುವುದಿಲ್ಲ. ಬಿಸಿಲಿಗೆ ರಸ್ತೆ ಬಿಕೋ ಅನ್ನುತ್ತಿತ್ತು, ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಟಾವು ಮುಗಿದ ಹೊಲಗಳಿಗೆ ಎಲ್ಲೋ ಬೆಂಕಿ ಹಚ್ಚಿದ್ದರು, ಹೊಗೆ ರಸ್ತೆಗೆ ಅಡ್ಡ ಹರಿಯುತ್ತಿತ್ತು.

ಸಿರವಾರದಲ್ಲಿ ಪೆಟ್ರೋಲು ಹಾಕಿಸಲು ನಿಂತಾಗ ಅದೇ ನಂಬರಿನಿಂದ ಫೋನು ಬಂತು. ಅವನು ನನ್ನ ಮುಖ ನೋಡಲಿಲ್ಲ, ಎತ್ತಿದ. ಈ ಸಲ ಗಂಡಸಿನ ದನಿ. ಸಾವಧಾನವಾದ ದನಿ.

"ಎಲ್ಲಿದ್ದೀಯಪ್ಪಾ?"

ನಾನು ಕೈಸನ್ನೆ ಮಾಡಿದೆ, ಇಡು, ಇಡು ಅಂತ. ಸಂಜೀವ ಒಂದು ಕ್ಷಣ ಪೆಟ್ರೋಲಿನ ಪೈಪನ್ನು ನೋಡಿದ. ಆಮೇಲೆ, "ಸಿರವಾರದಾಗ ಅದೀನ್ರೀ. ಬರಾಕತ್ತೀನಿ," ಅಂದ.

ಆ ಕಡೆಯವನು ಸಣ್ಣಗೆ ನಕ್ಕ. "ಬಾ. ನಾನೂ ಬರ್ತೀನಿ," ಅಂದ.

ಅಲ್ಲಿಂದ ಮುಂದೆ ನನ್ನ ತಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಯಾಕೆಂದರೆ ಅವನ ರೋಗ ನನಗೆ ಅಂಟಿಕೊಂಡಿತ್ತು. ಆ ನಗುವಿನ ಅರ್ಥವೇನು? ನಾನೂ ಬರ್ತೀನಿ ಅಂದರೆ ಎಲ್ಲಿಗೆ, ಮನೆಗೋ, ರಸ್ತೆಗೋ, ಕಾಲುವೆಯ ಏರಿಗೋ? ಹಿಂದೆ ಬಿಳಿ ಅಂಗಿಯವನೊಬ್ಬ ಬೈಕಿನಲ್ಲಿ ಬರುತ್ತಿದ್ದನಲ್ಲ, ಅವನು ನಮ್ಮನ್ನು ಯಾಕೆ ದಾಟಿ ಹೋಗುತ್ತಿಲ್ಲ? ಅವ್ವನಿಗೆ ಏನು ಹೇಳಲಿ? ಬೆಳಿಗ್ಗೆಯಿಂದ ಹೊಂಡು ಹೊಂಡು ಅಂದವಳು ನಾನು, ಈಗ ಬೈಕು ತಿರುಗಿಸಲೇ ಅನ್ನುವ ಮಾತು ನನ್ನ ಗಂಟಲಿನ ತನಕ ಬಂದು ನಿಂತಿತ್ತು. ಬಿಳಿ ಅಂಗಿಯವನು ಮಾನ್ವಿಯ ಹೊರಗೆ ಒಂದು ರೈಸ್ ಮಿಲ್ಲಿನ ಗೇಟಿನೊಳಗೆ ಹೊರಳಿಹೋದ.

ಕ್ಯಾಂಪು ಸೇರುವಾಗ ಬಿಸಿಲು ಇಳಿದಿತ್ತು. ಕಾಲುವೆಯ ಸೇತುವೆ ದಾಟಿದ ಮೇಲೆ ಮೊದಲ ಅಂಗಡಿಯಲ್ಲಿ ದಾರಿ ಕೇಳಿದೆವು. ಅಂಗಡಿಯವನು ಕೈ ತೋರಿಸಿದ, ತೋರಿಸಿ ಅರ್ಧ ಬಾಗಿಲು ಹಾಕಿಕೊಂಡ. ಕಟ್ಟೆಯ ಮೇಲೆ ಮಾತಾಡುತ್ತಿದ್ದ ನಾಲ್ಕು ಮಂದಿ ಸುಮ್ಮನಾದರು. ನಾವು ಬರುವುದು ಅವರಿಗೆಲ್ಲ ಮೊದಲೇ ಗೊತ್ತಿದ್ದಂತಿತ್ತು.

ಮನೆಯ ಗೇಟು ತೆರೆದಿತ್ತು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು, ಚಹಾದ ಕಾಗದದ ಕಪ್ಪುಗಳು ಗಾಳಿಗೆ ಹೊರಳುತ್ತಿದ್ದವು. ಹೊರಸಿನ ಮೇಲೆ ಅವಳ ಅಪ್ಪ ಕೂತಿದ್ದ, ಬಿಳಿ ಪಂಚೆ ಉಟ್ಟ ದೊಡ್ಡ ಮೈಯ ಮುದುಕ. ಪಡಸಾಲೆಯ ಮೆಟ್ಟಿಲ ಮೇಲೆ ಝಾನ್ಸಿ. ಹಸಿರು ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೆನ್ನೆಯ ಮೇಲೆ ಬೆರಳುಗಳ ಗುರುತು. ಕೆಳತುಟಿ ಒಡೆದಿತ್ತು. ಎಡ ಮುಂಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಅವಳನ್ನು ಮೊದಲ ಸಲ ಕಂಡದ್ದು ಹೀಗೆ.

ಸಂಜೀವ ಗೇಟಿನ ಒಳಗೆ ನಾಲ್ಕು ಹೆಜ್ಜೆ ಬಂದು ನಿಂತ. ಮುದುಕ ತಲೆ ಎತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನೀನೇನು?"

"ಹೌದ್ರೀ."

"ಬರ್ತಾನ ಅಂದ್ಲು ಮಗಳು," ಅಂದ ಮುದುಕ. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆದರಿಕೆಯಾಯಿತು. "ಬಂದು ಕುಂತ ಬೀಗರ ಮುಂದ, ಇವ್ರು ಬ್ಯಾಡ, ನನಗ ಒಬ್ಬಾಂವ ಇದಾನ, ಈಗ ಬರ್ತಾನ ಅಂದ್ಲು. ಸರಿ, ಬರ್ಲಿ ಅಂತ ಕುಂತ್ವಿ. ನಾನೇ ಎರಡು ಸಲ ಎದ್ದು ಹೋಗಿ ರಸ್ತಾ ನೋಡಿ ಬಂದೆ. ಆಮ್ಯಾಲೆ ಇಕೀ ಫೋನಿಗೆ ನಿನ್ನ ಮೆಸೇಜು ಬಂತು. ನಮ್ಮ ತಮ್ಮ ಕಸ್ಕೊಂಡು ಎಲ್ಲಾರ ಮುಂದ ಓದಿದ. ನಿನ್ನ ಇಷ್ಟ, ಸುಖವಾಗಿರು ಅಂತ. ಓದಿ ನಕ್ಕ. ಬೀಗರೂ ನಕ್ಕರು. ನಕ್ಕು ಎದ್ದು ಹೋದ್ರು. ಅವ್ರು ಹೋದ ಮ್ಯಾಲೆ ಅಂವ ಇಕೀನ ಹೊಡ್ದ." ಮುದುಕ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. "ನೀ ಬಂದಿದ್ರ ನಿನ್ನ ಹೊಡೀತಿದ್ದ."

ನನ್ನ ತಮ್ಮ ಈಗ ಬಾಯಿ ತೆರೆಯುತ್ತಾನೆ ಅಂದುಕೊಂಡೆ. ತೆಲುಗಿನಲ್ಲಿ ಹೀಗೆ, ಕನ್ನಡದಲ್ಲಿ ಹಾಗೆ, ನಾನು ತಿಳಿದದ್ದು ಹೀಗೆ ಅಂತ ಸುರುಮಾಡುತ್ತಾನೆ ಅಂತ. ಒಂದು ವರ್ಷ ನಾನು ಕೇಳಿದ್ದೆಲ್ಲ ಅದೇ ಅಲ್ಲವೇ. ಅವನು ಬೂಟು ಕಳಚಿದ. ಅಂಗಳ ದಾಟಿ ಹೋಗಿ ಮೆಟ್ಟಿಲ ಮೇಲೆ ಅವಳ ಮಗ್ಗಲಿಗೆ ಕೂತ.

"ತಪ್ಪು ನಂದು," ಅಂದ. "ಹೆದರಿ ಬರಲಿಲ್ಲ."

ಝಾನ್ಸಿ ಅವನ ಕಡೆ ತಿರುಗಲಿಲ್ಲ. "ಎದ್ದು ಹೋಗು. ಬಾಬಾಯಿ ಬರಾಕತ್ತಾನ. ಮಂದಿನ್ನ ಕರ್ಕೊಂಡು ಬರಾಕ ಹೋಗ್ಯಾನ."

"ಗೊತ್ತದ."

"ಗೊತ್ತಿದ್ದು ಬಂದೇನು?"

"ಹೂಂ."

ಅಷ್ಟರಲ್ಲಿ ಕಾಲುವೆಯ ಏರಿಯ ಕಡೆಯಿಂದ ಜೀಪಿನ ಸದ್ದು ಕೇಳಿಸಿತು. ನಾನು ಓಡಿ ಹೋಗಿ ತಮ್ಮನ ರಟ್ಟೆ ಹಿಡಿದು ಎಳೆದೆ.

"ಸಂಜೂ, ಏಳೋ. ನಿನ್ನ ಕಾಲಿಗೆ ಬೀಳ್ತೀನಿ. ಆಕೀನೂ ಕರ್ಕೊಂಡು ಹಿಂದಿನ ಬಾಗಿಲಿಂದ ಹೋಗೂಣು. ಇಲ್ಲಾ ನಾಳೆ ಪೊಲೀಸರನ್ನ ಕರ್ಕೊಂಡು ಬರೂಣು. ವಿಚಾರ ಮಾಡೋ ಸ್ವಲ್ಪ!"

ವರ್ಷವಿಡೀ ಅವನು ಆಡುತ್ತಿದ್ದಂಥ ಮಾತು ಈಗ ನನ್ನ ಬಾಯಿಂದಲೇ ಬಂತು. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ಕಿಸೆಯಿಂದ ಬೈಕಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ.

"ನೀ ಹೋಗಕ್ಕಾ. ನಾ ಕುಂದ್ರತೀನಿ."

"ಪೊಲೀಸರಿಗೆ ಈಗ ಹಚ್ರಿ ಅಕ್ಕಾ," ಅಂದಳು ಝಾನ್ಸಿ. ನನ್ನನ್ನು ಅಕ್ಕಾ ಅಂದದ್ದು ಅದೇ ಮೊದಲು. "ಅವ್ರು ಬರೂದು ತಡ ಆಗ್ತದ. ಆದ್ರೂ ಹಚ್ರಿ."

ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ಊರು ಕೇಳಿದಳು, ಹೆಸರು ಕೇಳಿದಳು, ಗಾಡಿ ಕಳಿಸುತ್ತೇವೆ ಅಂದಳು. ನಾನು ಉತ್ತರ ಹೇಳುತ್ತಿದ್ದಂತೆಯೇ ಜೀಪು ಗೇಟಿನ ಹೊರಗೆ ನಿಂತಿತು. ಬಾಗಿಲುಗಳು ಒಂದಾದ ಮೇಲೊಂದು ತೆರೆದುಕೊಂಡವು. ಮುದುಕ ಹೊರಸಿನಿಂದ ಎದ್ದು ಗೇಟಿನ ಕಡೆಗೆ ನಡೆದ, ತನ್ನ ತಮ್ಮನನ್ನು ತಡೆಯಲೋ, ಒಳಗೆ ಕರೆಯಲೋ ನನಗೆ ತಿಳಿಯಲಿಲ್ಲ.

ನಾನು ಮೆಟ್ಟಿಲ ಬುಡದಲ್ಲಿ ನೆಲದ ಮೇಲೆ ಕೂತೆ. ನನ್ನ ಕಣ್ಣೆದುರಿಗೇ ಸಂಜೀವನ ಮೊಣಕಾಲುಗಳಿದ್ದವು, ಪ್ಯಾಂಟಿನ ಬಟ್ಟೆ ಅಲುಗುವಷ್ಟು ನಡುಗುತ್ತಿದ್ದವು. ಝಾನ್ಸಿಯೂ ಅದನ್ನು ನೋಡುತ್ತಿದ್ದಳು. ಅಂಗಳದಲ್ಲಿ ಚಪ್ಪಲಿಗಳ ಸದ್ದಾಯಿತು. ಅವನು ಏಳಲಿಲ್ಲ.